ಬಾಗಿಲ ಸಂದಿಯಲ್ಲಿ ನಿಂತು ಕಕ್ಕ ತಡೆಯುವ ಮಗು: ಕಕ್ಕಸಿನ ಅಭ್ಯಾಸ ಕಲಿಸಲು ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಎರಡೂವರೆ ವರ್ಷದ ಮಗು ಆಡುತ್ತಾ ಇದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ. ಜಗಲಿಯ ಕಂಬದ ಹಿಂದೆಯೋ ಬಾಗಿಲ ಸಂದಿಗೋ ಹೋಗಿ ತುದಿಗಾಲಲ್ಲಿ ನಿಲ್ಲುತ್ತದೆ. ಕಾಲು ಕತ್ತರಿ ಹಾಕಿ, ಕುಂಡೆ ಬಿಗಿ ಹಿಡಿದು, ಕೈಗೆ ಸಿಕ್ಕ ಕುರ್ಚಿಯ ಕಾಲನ್ನು ಗಟ್ಟಿಯಾಗಿ ಅವುಚಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ಹಣೆಯಲ್ಲಿ ಬೆವರು. ‘ಪಾಪ, ಎಷ್ಟು ತಿಣುಕಿದ್ರೂ ಬರ್ತಾ ಇಲ್ಲ’ ಎನ್ನುತ್ತಾರೆ ಮನೆಯವರು. ಹೆಚ್ಚಿನ ಸಲ ನಡೆಯುತ್ತಿರುವುದು ತಿರುಗುಮುರುಗು. ಮಗು ತಿಣುಕುತ್ತಿಲ್ಲ, ಬಂದದ್ದನ್ನು ಹೊರಗೆ ಬಿಡದೆ ತಡೆದು ನಿಲ್ಲಿಸುತ್ತಿದೆ. ಎರಡು ನಿಮಿಷ ಹಾಗೆ ನಿಂತರೆ ಒತ್ತಡ ಇಳಿಯುತ್ತದೆ, ಮಗು ಏನೂ ಆಗದವರ ಹಾಗೆ ಮತ್ತೆ ಆಟಕ್ಕೆ ಹೋಗುತ್ತದೆ.

ಈ ಭಂಗಿಯನ್ನು ಗುರುತಿಸಲು ಬಂದರೆ ಅರ್ಧ ಕೆಲಸ ಆದಂತೆ. ಡೈಪರ್ ಬಿಡಿಸಲು ಹೊರಟು ಸೋತ ಮನೆಗಳಲ್ಲಿ ‘ಮಗು ಹಠ ಮಾಡ್ತದೆ’ ಎಂಬ ದೂರು ಮಾಮೂಲು. ಹಠದ ಕೆಳಗೆ ಕೆದಕಿ ನೋಡಿದರೆ ಎಂದೋ ಒಮ್ಮೆ ಆದ ನೋವು ಇರುತ್ತದೆ, ಇಲ್ಲವೇ ಜಾಗದ ಹೆದರಿಕೆ. ಹಾಗಾಗಿ ಇಲ್ಲಿ ಹೇಳುವ ಕ್ರಮ ಇದು: ಮೊದಲು ಮಲ ಮೆತ್ತಗಾಗಬೇಕು, ನಂತರ ಜಾಗ ಒಗ್ಗಬೇಕು, ಹೊತ್ತುಹೊತ್ತಿಗೆ ಕೂರಿಸುವುದು ಮೂರನೆಯದು. ಬಹಳ ಮಂದಿ ಮೂರನೆಯದರಿಂದ ಶುರು ಮಾಡುತ್ತಾರೆ, ಅಲ್ಲೇ ಸಿಕ್ಕಿಬೀಳುತ್ತಾರೆ.

ಒಂದು ವಾರ ಬರೀ ನೋಡಿ, ಬರೆದಿಡಿ

ಏನನ್ನೂ ಕಲಿಸಲು ಹೋಗಬೇಡಿ. ಹಳೆಯ ನೋಟ್‌ಬುಕ್ಕೊಂದರಲ್ಲಿ 7 ದಿನ ಬರೆಯಿರಿ: ಉಚ್ಚೆ ಎಷ್ಟು ಹೊತ್ತಿಗೊಮ್ಮೆ, ಕಕ್ಕ ಯಾವ ಹೊತ್ತಿಗೆ, ಎಲ್ಲಿ, ಹೇಗಿತ್ತು, ಅತ್ತಿತೇ, ದಿನಕ್ಕೆ ಎಷ್ಟು ಹಾಲು ಕುಡಿಯಿತು. ‘ಹೇಗಿತ್ತು’ ಎನ್ನುವುದಕ್ಕೆ ಮನೆಯ ಮಾತೇ ಸಾಕು. ಆಡಿನ ಹಿಕ್ಕೆಯಂತೆ ಉಂಡೆಯುಂಡೆ, ಬಿರುಕು ಬಿಟ್ಟ ದಪ್ಪ ಕೊರಡಿನಂತೆ, ಕಳಿತ ಪುಟ್ಟಬಾಳೆಯಂತೆ ಮೆತ್ತಗೆ, ನೀರಾಗಿ ಎಂದು ನಾಲ್ಕು ಬಗೆ ಬರೆದುಕೊಳ್ಳಿ. ನಮಗೆ ಬೇಕಾದದ್ದು ಪುಟ್ಟಬಾಳೆ.

ವಾರದ ಕೊನೆಗೆ ಪುಸ್ತಕ ತಾನಾಗಿ ಹೇಳುತ್ತದೆ. ವಾರಕ್ಕೆ ಎರಡು ಸಲ ಅಥವಾ ಅದಕ್ಕೂ ಕಡಿಮೆ, ಗಟ್ಟಿಯಾಗಿ, ಅಳುತ್ತಾ ಹೋಗಿದ್ದರೆ ಅದು ಮಲಬದ್ಧತೆ. ಕೂರಿಸುವ ಪ್ರಯತ್ನವನ್ನು ಬದಿಗಿಟ್ಟು ಹೊಟ್ಟೆಯ ಕಡೆ ನೋಡಬೇಕು. ಮೆತ್ತಗೆ ಹೋಗುತ್ತಿದೆ, ಆದರೆ ಡೈಪರ್‌ನಲ್ಲಿ ಮಾತ್ರ, ಕಕ್ಕಸಿನ ಹೆಸರೆತ್ತಿದರೆ ಓಟ ಎಂದಾದರೆ ಅದು ಹೆದರಿಕೆ. ಗಂಟೆಗೆ ಮೂರು ಸಲ ಸ್ವಲ್ಪಸ್ವಲ್ಪ ಉಚ್ಚೆ, ಒಣಗಿರುವ ಹೊತ್ತೇ ಇಲ್ಲ ಎಂದಾದರೆ ಮಗು ಇನ್ನೂ ತಯಾರಾಗಿಲ್ಲದಿರಬಹುದು, ಅಥವಾ ಮೂತ್ರದ ಸೋಂಕು ಇರಬಹುದು.

ತಯಾರಿಯ ಲಕ್ಷಣಗಳನ್ನೂ ಇದೇ ವಾರ ನೋಡಿಕೊಳ್ಳಿ. ಹಗಲು ಕನಿಷ್ಠ ಎರಡು ಗಂಟೆ ಚಡ್ಡಿ ಒಣಗಿರುತ್ತದೆಯೇ? ಕುಕ್ಕರಗಾಲಲ್ಲಿ ಕೂತು ತಾನೇ ಏಳುತ್ತದೆಯೇ? ಚಡ್ಡಿ ಜಾರಿಸಲು ಬರುತ್ತದೆಯೇ? ‘ಚೆಂಡು ತಗೊಂಡು ಬಾ’ ಎಂದರೆ ತರುತ್ತದೆಯೇ? ಒದ್ದೆಯಾದಾಗ ಕಿರಿಕಿರಿ ಪಡುತ್ತದೆಯೇ? ಹೆಚ್ಚಿನ ಮಕ್ಕಳಲ್ಲಿ ಇವೆಲ್ಲ 18 ತಿಂಗಳಿಂದ 3 ವರ್ಷದೊಳಗೆ ಒಂದೊಂದಾಗಿ ಕೂಡಿಬರುತ್ತವೆ. ಗಂಡುಮಕ್ಕಳು ತುಸು ತಡ.

‘ನಮ್ಮ ಕಾಲದಲ್ಲಿ ಒಂದು ವರ್ಷಕ್ಕೇ ಎಲ್ಲಾ ಕಲ್ತಿದ್ವು ಮಾರಾಯ್ತಿ’ ಎಂದು ಅಜ್ಜಿ ಹೇಳಿದರೆ ಅದು ಪೂರ್ತಿ ಸುಳ್ಳಲ್ಲ. ಆಗ ಮಗುವಿನ ಹೊತ್ತನ್ನು ಕಲಿತಿದ್ದವರು ದೊಡ್ಡವರು. ಡೈಪರ್ ಇರಲಿಲ್ಲ, ಎದ್ದ ಕೂಡಲೇ ಕಾಲ ಮೇಲೆ ಕೂರಿಸಿ ‘ಸ್ಸ್...’ ಎನ್ನುತ್ತಿದ್ದರು, ಅಂಗಳದ ಅಂಚು ಇತ್ತು, ಸುತ್ತ ನಾಲ್ಕು ಜನ ಇದ್ದರು. ಆ ಉಪಾಯ ಇವತ್ತಿಗೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮುಂದೆ ಬರುತ್ತದೆ. ಆದರೆ ಮಗು ತಾನೇ ತಿಳಿದು, ತಡೆದು, ಹೇಳಿ ಹೋಗುವುದು ಬೇರೆ ಸಂಗತಿ. ಅದಕ್ಕೆ ನರ, ಸ್ನಾಯು, ಮಾತು ಮೂರೂ ಬೆಳೆದಿರಬೇಕು.

ಮೊದಲು ಹೊಟ್ಟೆ

ಒಂದು ಸಲ ಜ್ವರ ಬಂದೋ, ನೀರು ಕಡಿಮೆಯಾಗಿಯೋ ಮಲ ಗಟ್ಟಿಯಾಗುತ್ತದೆ. ಹೋಗುವಾಗ ಗುದದ ಅಂಚು ಸಣ್ಣದಾಗಿ ಸೀಳುತ್ತದೆ, ಉರಿಯುತ್ತದೆ. ಮಗು ಒಂದೇ ಪಾಠ ಕಲಿಯುತ್ತದೆ: ಕಕ್ಕ ಅಂದರೆ ನೋವು. ಮುಂದಿನ ಸಲ ತಡೆಯುತ್ತದೆ. ತಡೆದಷ್ಟೂ ದೊಡ್ಡ ಕರುಳು ಅದರ ನೀರನ್ನು ಹೀರಿಕೊಂಡು ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ದಪ್ಪವಾಗುತ್ತದೆ, ಹೋಗುವಾಗ ಇನ್ನಷ್ಟು ನೋವು. ವಾರಗಟ್ಟಲೆ ಹೀಗೇ ನಡೆದರೆ ಗುದನಾಳ ಹಿಗ್ಗಿ ಜೋಲುತ್ತದೆ, ‘ಬಂತು’ ಎಂಬ ಅರಿವೇ ಮಂಕಾಗುತ್ತದೆ. ಆಮೇಲೆ ಗಟ್ಟಿ ಮಲದ ಪಕ್ಕದಿಂದ ನೀರಾದ ಮಲ ಜಿನುಗಿ ದಿನಕ್ಕೆ ನಾಲ್ಕೈದು ಸಲ ಚಡ್ಡಿ ಕೊಳೆಯಾಗುತ್ತದೆ. ಎಡವುವುದು ಇಲ್ಲೇ. ‘ಭೇದಿ ಆಗ್ತಿದೆ’ ಎಂದು ಹಣ್ಣು ನಿಲ್ಲಿಸಿ ಬರೀ ಗಂಜಿ ಕೊಡುತ್ತಾರೆ, ಗಂಟು ಇನ್ನೂ ಬಿಗಿಯಾಗುತ್ತದೆ. ಮಗುವಿಗೆ ಅದು ಹೋದದ್ದೇ ಗೊತ್ತಾಗಿರುವುದಿಲ್ಲ. ಅದಕ್ಕಾಗಿ ಬೈಸಿಕೊಂಡರೆ ಯಾಕೆಂದೂ ಅರ್ಥವಾಗುವುದಿಲ್ಲ.

ಊಟದಲ್ಲಿ ಮೊದಲು ನೋಡಬೇಕಾದದ್ದು ಹಾಲು. ಕೊಟ್ಟಿಗೆಯಲ್ಲಿ ಹಸು ಇರುವ ಮನೆಗಳಲ್ಲಿ ಮಗು ದಿನಕ್ಕೆ ಮುಕ್ಕಾಲು ಲೀಟರ್, ಒಂದು ಲೀಟರ್ ಕುಡಿಯುವುದುಂಟು. ಹೊಟ್ಟೆ ಹಾಲಿನಲ್ಲೇ ತುಂಬಿದರೆ ಅನ್ನ, ಸೊಪ್ಪು ಒಳಗೆ ಹೋಗುವುದಿಲ್ಲ, ಹಾಲಿನಲ್ಲಿ ನಾರಿಲ್ಲ. ಎರಡು ಮೂರು ವರ್ಷದ ಮಗುವಿಗೆ ದಿನಕ್ಕೆ 400ರಿಂದ 500 ಮಿ.ಲೀ. ಸಾಕು. ಅದೂ ಲೋಟದಲ್ಲಿ. ರಾತ್ರಿಯ ಬಾಟಲಿಯನ್ನು ಮೊದಲು ಬಿಡಿಸಿ. ಹಾಲು, ಮಜ್ಜಿಗೆ, ಸಾರು, ನೀರು ಎಲ್ಲ ಸೇರಿ ಹೊಟ್ಟೆಗೆ ಹೋಗುವ ದ್ರವ ದಿನಕ್ಕೆ ಸುಮಾರು 1ರಿಂದ 1.3 ಲೀಟರ್ ಇರಲಿ. ಮಳೆಗಾಲದ ತಂಪಿನಲ್ಲಿ ಮಕ್ಕಳು ತಾವಾಗಿ ನೀರು ಕೇಳುವುದು ಕಡಿಮೆ. ಸಣ್ಣ ಲೋಟದಲ್ಲಿ ಬೆಚ್ಚಗಿನ ನೀರನ್ನು ನೀವೇ ನೆನಪಿಟ್ಟು ಕೊಡಬೇಕು.

ನಾರಿಗೆ ಪೇಟೆಯ ಪುಡಿ ಬೇಕಿಲ್ಲ. ಪಪ್ಪಾಯಿ, ಚೆನ್ನಾಗಿ ಕಳಿತ ಬಾಳೆಹಣ್ಣು, ಬೀಜ ತೆಗೆದ ಪೇರಲೆ, ಹರಿವೆ ಸೊಪ್ಪಿನ ಪಲ್ಯ, ಬಸಳೆ ಹುಳಿ, ಹೆಸರುಕಾಳು, ರಾಗಿ ಅಂಬಲಿ, ಕೆಂಪಕ್ಕಿ ಅನ್ನ ಇವುಗಳಲ್ಲಿ ಮೂರನ್ನು ದಿನವೂ ತಿಂದರೆ ಆಯಿತು. ಎಂಟ್ಹತ್ತು ಒಣದ್ರಾಕ್ಷಿಯನ್ನು ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿ ಆ ನೀರಿನ ಸಮೇತ ಕೊಡಿ. ಇಡೀ ದ್ರಾಕ್ಷಿ ಗಂಟಲಿಗೆ ಸಿಕ್ಕಬಹುದು. ಬಿಸ್ಕತ್ತು, ರಸ್ಕು, ಮೈದಾ ತಿಂಡಿ, ಸರಿಯಾಗಿ ಹಣ್ಣಾಗದ ಬಾಳೆ ಕಡಿಮೆಯಾಗಲಿ.

ಇಷ್ಟರಿಂದ ಎರಡು ವಾರದಲ್ಲಿ ಸರಿಹೋಗದಿದ್ದರೆ, ಅಥವಾ ತಡೆಯುವ ಭಂಗಿ ಆಗಲೇ ಶುರುವಾಗಿದ್ದರೆ, ಬರೀ ಹಣ್ಣಿನಿಂದ ಗೆಲ್ಲುತ್ತೇವೆಂಬ ಆಸೆ ಬೇಡ. ಮಕ್ಕಳ ವೈದ್ಯರ ಹತ್ತಿರ ಹೋಗಿ. ಅವರು ಸಾಮಾನ್ಯವಾಗಿ ಕೊಡುವುದು ಲ್ಯಾಕ್ಟುಲೋಸ್ ಸಿರಪ್ ಅಥವಾ ಪಾಲಿಎಥಿಲಿನ್ ಗ್ಲೈಕಾಲ್ ಪುಡಿ. ಎರಡೂ ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತವೆ. ಪ್ರಮಾಣ ಮಗುವಿನ ತೂಕದ ಮೇಲೆ ನಿಂತಿದೆ, ಪಕ್ಕದ ಮನೆಯ ಮಗುವಿನ ಲೆಕ್ಕ ನಿಮ್ಮ ಮಗುವಿಗೆ ಹೊಂದುವುದಿಲ್ಲ. ತಪ್ಪುವುದು ಔಷಧಿ ನಿಲ್ಲಿಸುವ ಹೊತ್ತಿನಲ್ಲಿ. ನಾಲ್ಕು ದಿನ ಚೆನ್ನಾಗಿ ಹೋಯಿತೆಂದು ಬಾಟಲಿ ಮುಚ್ಚಿಡುತ್ತಾರೆ, ಎರಡು ವಾರದಲ್ಲಿ ಕಥೆ ಮೊದಲಿನಿಂದ. ಹಿಗ್ಗಿದ ಗುದನಾಳ ಮೊದಲಿನಂತಾಗಲು ತಿಂಗಳುಗಳು ಬೇಕು. ಕನಿಷ್ಠ ಎರಡು ತಿಂಗಳು ಕೊಟ್ಟು, ತೊಂದರೆ ಪೂರ್ತಿ ಹೋದ ಮೇಲೂ ಒಂದು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ಮೆಲ್ಲಮೆಲ್ಲಗೆ ಇಳಿಸುವುದು ರೂಢಿ. ‘ಔಷಧಿ ಅಭ್ಯಾಸ ಆಗಿಬಿಡ್ತದೆ’ ಎಂಬ ಹೆದರಿಕೆ ಈ ಎರಡರ ಮಟ್ಟಿಗೆ ಬೇಡ.

ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಹಿಂದಿನಿಂದ ತೂರಿಸುವುದು, ಸೋಪಿನ ಚೂರು ಇಡುವುದು, ಹರಳೆಣ್ಣೆ ಕುಡಿಸುವುದು ಇವನ್ನು ಬಿಟ್ಟುಬಿಡಿ. ಆ ಕ್ಷಣಕ್ಕೆ ಹೊಟ್ಟೆ ಖಾಲಿಯಾಗುತ್ತದೆ, ನಿಜ. ಆದರೆ ಆಗಲೇ ಸೀಳಿದ ಜಾಗಕ್ಕೆ ಸೋಪು ತಾಗಿದರೆ ಹೇಗಿರುತ್ತದೆಂದು ಯೋಚಿಸಿ. ಮಗುವಿನ ಮನಸ್ಸಿನಲ್ಲಿ ಆ ಜಾಗವೆಂದರೆ ದೊಡ್ಡವರು ಹಿಡಿದು ನೋಯಿಸುವ ಜಾಗ ಎಂದು ಅಚ್ಚಾಗುತ್ತದೆ. ತಡೆಯುವುದು ಇನ್ನೂ ಬಿಗಿಯಾಗುತ್ತದೆ.

ಸತತ ಎರಡು ವಾರ ಪುಟ್ಟಬಾಳೆಯಂತೆ, ಅಳದೆ ಹೋದರೆ ಮುಂದಿನ ಹೆಜ್ಜೆ.

ಮಗುವಿನ ಕಣ್ಣಿಂದ ಕಕ್ಕಸು ನೋಡಿ

ಹಿತ್ತಲಿನ ಕಕ್ಕಸಿನ ಬಾಗಿಲಲ್ಲಿ ಒಮ್ಮೆ ಮಗುವಿನ ಎತ್ತರಕ್ಕೆ ಕುಕ್ಕರಿಸಿ ಕೂತು ಒಳಗೆ ನೋಡಿ. ಹೆಂಚಿನ ಮಾಡಿನಿಂದ ತೊಟ್ಟಿಕ್ಕುವ ನೀರು, ಮಂಕು ಬಲ್ಬು, ಕತ್ತಲೆಯ ಗುಂಡಿ, ಮೂಲೆಯಲ್ಲೊಂದು ಕಪ್ಪೆ. ಅಲ್ಲಿಗೆ ಹೋಗುವ ದಾರಿಯ ಚಪ್ಪಡಿಯ ಮೇಲೆ ಹಾವಸೆ, ಮಳೆಗಾಲವಾದರೆ ಉಂಬಳ. ಹೆದರದಿದ್ದರೇ ಆಶ್ಚರ್ಯ. ಮನೆಯೊಳಗಿನ ಹೊಸ ಕಮೋಡ್‌ಗೆ ಅದರದ್ದೇ ಕಾಟ: ಬಾಯಿ ದೊಡ್ಡದು, ಕಾಲು ನೆಲಕ್ಕೆ ಸಿಗುವುದಿಲ್ಲ, ಫ್ಲಶ್ ಒತ್ತಿದರೆ ಗರ್ಜನೆ.

ಆದ್ದರಿಂದ ಶುರುವಿಗೆ ಕಕ್ಕಸಿಗೇ ಹೋಗಬೇಕೆಂದಿಲ್ಲ. ಬಚ್ಚಲಮನೆಯಲ್ಲಿ, ಹಂಡೆಯ ಒಲೆಯಿಂದ ದೂರದ ಒಣ ಮೂಲೆಯಲ್ಲಿ ಕಲಿಕೆ ಶುರುವಾಗಲಿ. ಮೂರು ದಾರಿಗಳಿವೆ, ಮನೆಗೆ ಯಾವುದು ಒಗ್ಗುತ್ತದೋ ಅದು.

ಮಗು ಕಕ್ಕಕ್ಕೆ ಕೂರುವ ಪ್ಲಾಸ್ಟಿಕ್ ಪಾಟಿ ತರುವುದಾದರೆ ಹಾಡು ಹೇಳುವ, ದೀಪ ಮಿನುಗುವ ಮಾದರಿಗೆ ದುಡ್ಡು ಸುರಿಯಬೇಡಿ. ನೋಡಬೇಕಾದದ್ದು ಎರಡೇ. ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸೊಂಟಕ್ಕಿಂತ ತುಸು ಮೇಲಿರಬೇಕು. ಹಾಗೆ ಕೂತಾಗ ಗುದನಾಳವನ್ನು ಪಟ್ಟಿಯಂತೆ ಬಳಸಿರುವ ಸ್ನಾಯು ಸಡಿಲಾಗಿ ದಾರಿ ನೇರವಾಗುತ್ತದೆ. ಕಾಲು ಜೋತಾಡಿದರೆ ಬೀಳದಿರಲು ಮಗು ಮೈಯನ್ನೇ ಬಿಗಿ ಹಿಡಿಯುತ್ತದೆ, ಮೈ ಬಿಗಿದರೆ ಕೆಳಗೂ ಬಿಗಿ.

ಕಮೋಡ್ ಆದರೆ ಬಾಯಿ ಚಿಕ್ಕದು ಮಾಡುವ ಮಕ್ಕಳ ಸೀಟು ಒಂದು, ಕಾಲಿಡಲು ಸುಮಾರು 20 ಸೆಂ.ಮೀ. ಎತ್ತರದ ಅಲುಗಾಡದ ಸ್ಟೂಲ್ ಒಂದು. ಸ್ಟೂಲ್ ಇಲ್ಲದೆ ಬರೀ ಸೀಟು ತಂದರೆ ಅರ್ಧ ಕೆಲಸವೂ ಆಗಿರುವುದಿಲ್ಲ.

ನೆಲದ ಕಕ್ಕಸು ಮಾತ್ರ ಇರುವ ಮನೆಯಲ್ಲಿ ಮಗುವಿನ ತೊಡಕು ಅಗಲದ್ದು. ದೊಡ್ಡವರ ಪಾದಕ್ಕೆ ಮಾಡಿದ ಜಾಗದಲ್ಲಿ ಎರಡು ವರ್ಷದ ಮಗು ಕಾಲು ಚಾಚಿ ನಿಂತರೆ ಕೂರಲು ಆಗುವುದಿಲ್ಲ, ಕೂತರೆ ಹಿಂದಕ್ಕೆ ಮುಗ್ಗರಿಸುತ್ತದೆ. ಬಚ್ಚಲ ನೆಲದ ಮೇಲೆ ಹಳೆಯ ಪೇಪರ್ ಹಾಸಿ, ಎರಡು ಇಟ್ಟಿಗೆಗಳನ್ನು ಮಗ್ಗುಲು ಹಾಕದೆ ಚಪ್ಪಟೆಯಾಗಿ, ನಡುವೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು, ಅಂದರೆ 12ರಿಂದ 15 ಸೆಂ.ಮೀ. ಜಾಗ ಬಿಟ್ಟು ಇಡಿ. ಒಂದೊಂದು ಇಟ್ಟಿಗೆಯ ಮೇಲೆ ಒಂದೊಂದು ಪಾದ. ಮುಂದೆ ಹಿಡಿದುಕೊಳ್ಳಲು ನಿಮ್ಮ ಕೈ. ವಾರ ಕಳೆದು ಒಗ್ಗಿದ ಮೇಲೆ ಅದೇ ಇಟ್ಟಿಗೆಗಳನ್ನು ಕಕ್ಕಸಿನ ಬಾಗಿಲ ಹೊರಗೆ, ಆಮೇಲೆ ಒಳಗೆ ಸರಿಸುತ್ತಾ ಹೋಗಬಹುದು. ಇಟ್ಟಿಗೆ ಮಳೆಯಲ್ಲಿ ಬಿದ್ದಿದ್ದರೆ ಉಜ್ಜಿ ಹಾವಸೆ ತೆಗೆಯದೆ ತರಬೇಡಿ.

ಇನ್ನೊಂದು ಆಸನ ನಿಮ್ಮಲ್ಲೇ ಇದೆ. ಮಣೆಯ ಮೇಲೆ ಕೂತು, ಎರಡೂ ಪಾದಗಳನ್ನು ನಡುವೆ ಸ್ವಲ್ಪ ಸಂದು ಬಿಟ್ಟು ನೆಲಕ್ಕೆ ಊರಿ, ಮಗುವನ್ನು ಪಾದಗಳ ಮೇಲೆ ನಿಮಗೆ ಎದುರಾಗಿ ಕೂರಿಸಿ. ಒಂದು ಕೈ ಬೆನ್ನಿಗೆ ಇರಲಿ. ತೀರಾ ಹೆದರಿದ ಮಗುವಿಗೆ ಯಾವ ಪಾಟಿಯೂ ಅಜ್ಜಿಯ ಕಾಲಿಗೆ ಸಮ ಅಲ್ಲ. ಬೆಚ್ಚಗಿರುತ್ತದೆ, ಮುಖ ಕಾಣುತ್ತದೆ, ಬೀಳುವ ಭಯ ಇಲ್ಲ. ಮಗುವಿನ ಭಾರ ತಡೆಯುವಷ್ಟು ದಿನ ಇದನ್ನು ಬಳಸಿ.

ತೊಳೆಯುವ ವಿಚಾರವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಡಿಸೆಂಬರ್ ಬೆಳಗಿನ ಟ್ಯಾಂಕಿನ ನೀರನ್ನು ಜೆಟ್‌ನಲ್ಲಿ ಹಾಯಿಸಿದರೆ ದೊಡ್ಡವರೇ ಹಾರುತ್ತಾರೆ. ಕಕ್ಕ ಮಾಡಿದರೆ ಆಮೇಲೆ ಈ ಶಿಕ್ಷೆ ಇದೆ ಎಂದು ಗೊತ್ತಿರುವ ಮಗು ಕಕ್ಕವನ್ನೇ ಮಾಡುವುದಿಲ್ಲ. ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ತಂಬಿಗೆಯಲ್ಲಿ ಮೆಲ್ಲಗೆ ಹೊಯ್ಯಿರಿ. ಹೆಣ್ಣುಮಕ್ಕಳಿಗೆ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು, ಹಿಂದಿನ ಕೊಳೆ ಮೂತ್ರದ ದಾರಿಗೆ ಬಂದರೆ ಸೋಂಕು.

ಫ್ಲಶ್ ಮಗು ಹೊರಗೆ ಬಂದ ಮೇಲೆ. ಆಸಿಡ್ ಹಾಕಿ ತೊಳೆದ ತಕ್ಷಣ ಒಳಗೆ ಕರೆದೊಯ್ಯಬೇಡಿ, ಘಾಟಿಗೆ ಕಣ್ಣುರಿದರೆ ಅದೂ ಒಂದು ನೆಪವಾಗುತ್ತದೆ. ಹೊರಗಿನ ಕಕ್ಕಸಾದರೆ ಮೊದಲು ನೀವು ಟಾರ್ಚ್ ಹಿಡಿದು ಮೂಲೆ ನೋಡಿ ಬನ್ನಿ. ಕರೆಂಟು ಹೋಗುವ ಊರಲ್ಲಿ ಚಾರ್ಜ್ ಆದ ದೀಪವೊಂದು ಅಲ್ಲೇ ಮೊಳೆಗೆ ತೂಗಾಡಲಿ. ‘ಅಳಬೇಡ, ಕಕ್ಕಸಲ್ಲಿ ಗುಮ್ಮ ಇದ್ದಾನೆ’ ಎಂದು ಇಷ್ಟು ದಿನ ಹೆದರಿಸಿಕೊಂಡು ಬಂದಿದ್ದರೆ ಗುಮ್ಮನಿಗೆ ಬೇರೆ ಮನೆ ಹುಡುಕಬೇಕಾಗುತ್ತದೆ.

ಕೂರಿಸುವ ಹೊತ್ತು

ಹೊಟ್ಟೆಗೆ ಊಟ ಬಿದ್ದಾಗ ಕೆಳಗಿನ ಕರುಳು ತಾನಾಗಿ ಹಿಂಡತೊಡಗುತ್ತದೆ. ತಿಂದು 15ರಿಂದ 30 ನಿಮಿಷದೊಳಗೆ ಕಕ್ಕ ಬರುವ ಸಂಭವ ಹೆಚ್ಚು, ಬೆಳಗಿನ ತಿಂಡಿಯ ನಂತರವಂತೂ ಇನ್ನೂ ಹೆಚ್ಚು. ದಿನಕ್ಕೆ ಎರಡು ಸಲ ಆ ಹೊತ್ತಿಗೆ ಕೂರಿಸಿ. 3ರಿಂದ 5 ನಿಮಿಷ ಸಾಕು. ‘ಆಗೋ ತನಕ ಏಳೋ ಹಾಗಿಲ್ಲ’ ಎಂದು ಅರ್ಧ ಗಂಟೆ ಕೂರಿಸಿದರೆ ಅದು ಜೈಲು. ಬರಲಿಲ್ಲವೇ, ‘ಆಯ್ತು, ಸಂಜೆ ನೋಡೋಣ’ ಎಂದು ಎಬ್ಬಿಸಿ. ಕೈಗೆ ಮೊಬೈಲ್ ಕೊಟ್ಟರೆ ಮಗು ಕೂರುತ್ತದೆ, ಆದರೆ ಹೊಟ್ಟೆ ಹೇಳುವುದು ಅದಕ್ಕೆ ಕೇಳಿಸುವುದಿಲ್ಲ.

ಬದಲಿಗೆ ಪೀಪಿ ಕೊಡಿ. ತೆಂಗಿನ ಗರಿಯನ್ನು ಸುರುಳಿ ಸುತ್ತಿ ಮಾಡುತ್ತೇವಲ್ಲ, ಅದೇ. ಇಲ್ಲವಾದರೆ ಗಿರಗಿಟ್ಲೆ, ಸೋಪಿನ ಗುಳ್ಳೆ. ಉಸಿರು ಎಳೆದು ಊದುವಾಗ ಹೊಟ್ಟೆ ತಾನಾಗಿ ಒತ್ತುತ್ತದೆ, ಕೆಳಗಿನ ಸ್ನಾಯು ಸಡಿಲಾಗುತ್ತದೆ. ‘ಮುಕ್ಕು, ಜೋರಾಗಿ ಮುಕ್ಕು’ ಎಂದರೆ ಗೊತ್ತಿಲ್ಲದ ಮಗು ಉಸಿರು ಕಟ್ಟಿ ಎಲ್ಲವನ್ನೂ ಬಿಗಿಮಾಡುತ್ತದೆ. ಊದದ ಬಲೂನನ್ನು ಮಾತ್ರ ಈ ವಯಸ್ಸಿನವರ ಕೈಗೆ ಕೊಡಬೇಡಿ, ಗಂಟಲಿಗೆ ಹೋದರೆ ಉಸಿರೇ ಕಟ್ಟುತ್ತದೆ.

ಉಚ್ಚೆಗೆ ಎದ್ದ ಕೂಡಲೇ, ಸ್ನಾನಕ್ಕೆ ಮೊದಲು, ಹೊರಗೆ ಹೊರಡುವ ಮೊದಲು, ಮಲಗುವ ಮೊದಲು, ನಡುವೆ ಸುಮಾರು ಎರಡು ಗಂಟೆಗೊಮ್ಮೆ. ಕಾಲು ಗಂಟೆಗೊಮ್ಮೆ ‘ಬಂತಾ? ಬಂತಾ?’ ಎಂದು ಬೆನ್ನು ಹತ್ತಿದರೆ ಮಗುವಿಗೆ ರೇಜಿಗೆ. ಈ ವಯಸ್ಸಿನ ಮೂತ್ರಕೋಶ ಹಿಡಿಯುವುದು ಸುಮಾರು 90ರಿಂದ 120 ಮಿ.ಲೀ., ಒಂದು ಚಹಾ ಲೋಟದಷ್ಟು. ಅದು ತುಂಬುವ ಅನುಭವ ಆಗಲು ಬಿಟ್ಟರಷ್ಟೇ ‘ಬಂತು’ ಎಂಬುದು ತಿಳಿಯುವುದು. ಗಂಡುಮಗುವನ್ನೂ ಮೊದಲು ಕೂರಿಸಿಯೇ ಕಲಿಸಿ. ನಿಂತೇ ಕಲಿತ ಹುಡುಗ ಕಕ್ಕಕ್ಕೆ ಕೂರಲು ಒಪ್ಪದೆ ಸತಾಯಿಸುವುದುಂಟು. ಅಪ್ಪ ನಿಲ್ಲುವುದನ್ನು ನೋಡಿ ಒಂದು ದಿನ ತಾನೇ ನಿಲ್ಲುತ್ತಾನೆ.

ಬಹುಮಾನವೆಂದು ಚಾಕಲೇಟ್ ಬೇಡ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕಕ್ಕೆ ಅಮ್ಮನ ಟಿಕ್ಲಿ ಪ್ಯಾಕೆಟ್ಟಿನಿಂದ ಒಂದು ಟಿಕ್ಲಿ ಅಂಟಿಸಲು ಬಿಡಿ. ಟಿಕ್ಲಿ ಕೂತಿದ್ದಕ್ಕೆ, ಕಕ್ಕ ಬಂದಿದ್ದಕ್ಕಲ್ಲ. ಕೂರುವುದು ಮಗುವಿನ ಕೈಯಲ್ಲಿದೆ, ಬರುವುದು ಅದರ ಕೈಯಲ್ಲಿಲ್ಲ.

ಡೈಪರ್ ಕಟ್ಟಿದರೆ ಮಾತ್ರ ಎನ್ನುವ ಮಗು

ಉಚ್ಚೆ ಪಾಟಿಯಲ್ಲಿ ಸಲೀಸು. ಕಕ್ಕ ಬಂದಾಗ ಮಾತ್ರ ಡೈಪರ್ ತಂದುಕೊಟ್ಟು ‘ಹಾಕು’ ಎನ್ನುತ್ತದೆ, ಮೂಲೆಗೆ ಹೋಗಿ ನಿಂತೇ ಮಾಡುತ್ತದೆ. ಇಂಥ ಮಗುವಿನ ಡೈಪರನ್ನು ‘ಮುಗಿದೋಯ್ತು, ಅಂಗಡಿಯಲ್ಲೂ ಇಲ್ಲ’ ಎಂದು ಒಂದೇ ದಿನಕ್ಕೆ ಕಿತ್ತುಕೊಂಡರೆ ನಾಲ್ಕೈದು ದಿನ ತಡೆದು ಮತ್ತೆ ಮಲಬದ್ಧತೆಗೆ ಬೀಳುತ್ತದೆ. ಡೈಪರ್ ಕೊಡಿ, ಆದರೆ ಜಾಗವನ್ನು ಮೆಟ್ಟಿಲುಮೆಟ್ಟಿಲಾಗಿ ಬದಲಿಸಿ.

ಮೊದಲು, ಡೈಪರ್ ಹಾಕಿಕೊಂಡೇ ಬಚ್ಚಲಮನೆಯೊಳಗೆ ನಿಂತು ಮಾಡಲಿ. ಅದು ಸಲೀಸಾದ ಮೇಲೆ ಡೈಪರ್ ಸಮೇತ ಪಾಟಿಯ ಮೇಲೆ ಅಥವಾ ಇಟ್ಟಿಗೆಯ ಮೇಲೆ ಕೂರಲಿ. ಹೆಚ್ಚು ಹೊತ್ತು ಬೇಕಾಗುವುದು ಈ ಮೆಟ್ಟಿಲಿಗೆ. ನಿಂತು ಮಾಡಿ ರೂಢಿಯಾದ ಮೈ ಕೂತು ಮಾಡಲು ಕಲಿಯುತ್ತಿದೆ. ಮುಂದೆ ಡೈಪರಿನ ಅಂಟನ್ನು ಸಡಿಲ ಬಿಡಿ. ಆಮೇಲೆ ಕಟ್ಟುವ ಮೊದಲೇ ಕತ್ತರಿಯಿಂದ ಅಡಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡಿ, ದಿನಕ್ಕಿಷ್ಟು ದೊಡ್ಡದು ಮಾಡುತ್ತಾ ಹೋಗಿ. ಒಳಗಿನ ಹರಳು ಉದುರದಂತೆ ಅಂಚಿಗೆ ಟೇಪ್ ಅಂಟಿಸಿ. ಕೊನೆಗೆ ಸೊಂಟಕ್ಕೆ ಪಟ್ಟಿ ಮಾತ್ರ ಉಳಿಯುತ್ತದೆ, ಕಕ್ಕ ನೇರ ಪಾಟಿಗೆ. ಪ್ರತಿ ಮೆಟ್ಟಿಲಲ್ಲೂ ಅಳದೆ ಮೂರ್ನಾಲ್ಕು ಸಲ ಆದ ಮೇಲಷ್ಟೇ ಮುಂದಿನದು. ಅತ್ತರೆ ಒಂದು ಮೆಟ್ಟಿಲು ಇಳಿಯಿರಿ.

ಮೂರು ವಾರ ಕಳೆದರೂ ದಿನವೂ ಜಗಳವೇ ಎಂದಾದರೆ ಎಲ್ಲ ನಿಲ್ಲಿಸಿ, ಒಂದರಿಂದ ಮೂರು ತಿಂಗಳು ಆ ಮಾತೇ ಬೇಡ. ಮಲ ಮೆತ್ತಗಿಡುವುದನ್ನು ಮಾತ್ರ ನಿಲ್ಲಿಸಬೇಡಿ.

‘ಛೀ’ ಮತ್ತು ‘ಶೇಮ್ ಶೇಮ್’

ನೆಲ ಒದ್ದೆಯಾದಾಗ ಬಾಯಿಗೆ ಮೊದಲು ಬರುವುದು ಇವೆರಡು. ಪ್ರೀತಿಯಿಂದ ನಗುತ್ತಾ ಹೇಳಿದರೂ ಮಗು ಕಲಿಯುವುದು ಮುಚ್ಚಿಡುವುದನ್ನು. ಸೋಫಾದ ಹಿಂದೆ ಹೋಗಿ ಮಾಡುವ ಮಗು ಯಾರಿಂದಲೋ ‘ಛೀ’ ಕೇಳಿಸಿಕೊಂಡಿದ್ದರೂ ಇರಬಹುದು. ಹೇಳಬೇಕಾದದ್ದು ಇಷ್ಟೇ: ‘ಉಚ್ಚೆ ನೆಲಕ್ಕೆ ಹೋಯ್ತಲ್ಲ ಪುಟ್ಟಾ. ಮುಂದಿನ ಸಲ ಬಚ್ಚಲಿಗೆ ಹೋಗೋಣ. ಬಾ, ಚಡ್ಡಿ ಬದಲಾಯಿಸೋಣ.’ ದನಿ ಏರಬಾರದು, ಭಾಷಣವೂ ಬೇಡ. ಮಗು ಒರೆಸಲು ಕೈಜೋಡಿಸಿದರೆ ಸರಿ, ಶಿಕ್ಷೆಯೆಂದು ಒರೆಸಿಸಬೇಡಿ. ಕಾವಿ ನೆಲದಲ್ಲಿ ಉಚ್ಚೆ ಕಣ್ಣಿಗೆ ಕಾಣುವುದಿಲ್ಲ, ಮೊದಲು ಜಾರುವವರು ಮನೆಯ ಹಿರಿಯರು. ಅದನ್ನಂತೂ ತಕ್ಷಣ ಒರೆಸಿ.

ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಅಮ್ಮ ‘ಸುಸ್ಸು’, ಅಜ್ಜಿ ‘ಒಂದಕ್ಕೆ’, ಅಂಗನವಾಡಿಯಲ್ಲಿ ‘ಟಾಯ್ಲೆಟ್’ ಎಂದಾದರೆ ಎರಡು ವರ್ಷದ ಮಗು ಅವಸರದಲ್ಲಿ ಯಾವುದನ್ನು ಹೇಳಬೇಕು? ಒಂದನ್ನು ಆರಿಸಿ. ಮಾತು ತಡವಾದ ಮಗುವಿಗೆ ಹೊಟ್ಟೆ ತಟ್ಟಿ ತೋರಿಸುವಂಥ ಸನ್ನೆಯಾದರೂ ಸಾಕು.

ಮಳೆಗಾಲ ಮತ್ತು ಅಡಿಕೆ ಕೊಯ್ಲು

ಜುಲೈನಲ್ಲಿ ಡೈಪರ್ ಬಿಡಿಸಲು ಹೊರಡುವುದು ದುಸ್ಸಾಹಸ. ದಿನಕ್ಕೆ ಎಂಟ್ಹತ್ತು ಚಡ್ಡಿ ಒದ್ದೆಯಾಗುತ್ತದೆ, ಒಂದೂ ಒಣಗುವುದಿಲ್ಲ. ಅರೆ ಒಣಗಿದ ಬಟ್ಟೆ ಹಾಕಿದರೆ ತೊಡೆಸಂದಿಯಲ್ಲಿ ಕಜ್ಜಿಯೇಳುತ್ತದೆ, ಉಚ್ಚೆ ತಾಗಿ ಉರಿಯುತ್ತದೆ, ಆಮೇಲೆ ಉಚ್ಚೆಯನ್ನೂ ತಡೆಯುತ್ತದೆ. ನವೆಂಬರಿನಿಂದ ಬಿಸಿಲಿದೆ, ಆದರೆ ತೋಟದ ಮನೆಗಳಲ್ಲಿ ಅದು ಕೊಯ್ಲು, ಸುಲಿತದ ಗಡಿಬಿಡಿ. ಮಗುವಿನ ಮುಖ ನೋಡಲು ಯಾರಿಗೂ ಪುರುಸೊತ್ತಿಲ್ಲ. ಹಾಗಾಗಿ ಶಿವರಾತ್ರಿಯ ಹೊತ್ತಿನಿಂದ ಮೇ ಕೊನೆಯವರೆಗಿನ ಮೂರು ತಿಂಗಳು ಎಲ್ಲಕ್ಕಿಂತ ಅನುಕೂಲ. ಒಂದಿಡೀ ವಾರ ಒಬ್ಬರು ಮಗುವಿನ ಜೊತೆಗೇ ಇರುವಂತೆ ನೋಡಿಕೊಳ್ಳಿ. ತಂಗಿ ಹುಟ್ಟಿದ ತಿಂಗಳು, ಮನೆ ಬದಲಿಸಿದ ವಾರ, ಜ್ವರ ಬಿಟ್ಟ ಮಾರನೆಯ ದಿನ ಶುರು ಮಾಡಬೇಡಿ.

ಮಳೆಗಾಲದಲ್ಲೇ ಆಗಬೇಕಾದ ಅನಿವಾರ್ಯ ಇದ್ದರೆ ದಪ್ಪ ಪದರದ ಟ್ರೈನಿಂಗ್ ಪ್ಯಾಂಟ್ ಬಿಟ್ಟು ತೆಳು ಹತ್ತಿಯ ಎಲಾಸ್ಟಿಕ್ ಚಡ್ಡಿ 12 ತನ್ನಿ. ಗುಂಡಿ, ಜಿಪ್, ಲಾಡಿ ಯಾವುದೂ ಬೇಡ. ಹಂಡೆ ಒಲೆಯ ಹತ್ತಿರ ಹಗ್ಗ ಕಟ್ಟುವುದಾದರೆ ಬಟ್ಟೆ ಜಾರಿ ಬಿದ್ದರೂ ಬೆಂಕಿಗೆ ತಾಗದಷ್ಟು ದೂರದಲ್ಲಿ ಕಟ್ಟಿ.

ರಾತ್ರಿ, ಪ್ರಯಾಣ, ಹಿಂದೆ ಸರಿಯುವುದು

ರಾತ್ರಿ ಒಣಗಿರುವುದು ಕಲಿಸಿ ಬರುವಂಥದ್ದಲ್ಲ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನ್, ತುಂಬಿದ್ದು ತಿಳಿದು ಎಚ್ಚರವಾಗುವ ಮಿದುಳು ಎರಡೂ ತಮ್ಮ ಹೊತ್ತಿಗೆ ಬೆಳೆಯುತ್ತವೆ. 5 ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದಕ್ಕೆ ಚಿಕಿತ್ಸೆಯೇ ಬೇಡ. ಚಾಪೆಯ ಮೇಲೆ ರಬ್ಬರ್ ಶೀಟ್ ಹಾಕಿ, ಮಲಗುವ ಮೊದಲು ಒಮ್ಮೆ ಕರೆದೊಯ್ಯಿರಿ, ಅಷ್ಟೇ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿ.ಮೀ., ಸಾಗರದಿಂದ 70. ಹತ್ತುವ ಮೊದಲು ಉಚ್ಚೆ ಮಾಡಿಸಿದ್ದರೆ ಕಲಿತ ಮಗು ಬಸ್ಸಿನಲ್ಲಿ ಸಾಮಾನ್ಯವಾಗಿ ತಾಳುತ್ತದೆ. ಎರಡು ಚಡ್ಡಿ, ಒಂದು ಪ್ಲಾಸ್ಟಿಕ್ ಕವರ್ ಚೀಲದಲ್ಲಿರಲಿ. ದೂರದ ದಾರಿಗೆ ಡೈಪರ್ ಹಾಕಿದರೆ ತಪ್ಪೇನಿಲ್ಲ, ಆದರೆ ಬಸ್ಸಿನ ಡೈಪರ್ ಬಸ್ಸಿಗೆ ಮಾತ್ರ ಎಂದು ಹೇಳಿಯೇ ಹಾಕಿ.

3 ವರ್ಷಕ್ಕೆ ಅಂಗನವಾಡಿಗೆ ಸೇರಿದ ಮೊದಲ ತಿಂಗಳು ಕಲಿತದ್ದೆಲ್ಲ ಮರೆತಂತೆ ಕಾಣಬಹುದು. ಮೊದಲ ದಿನವೇ ಮಗುವನ್ನು ಕರೆದುಕೊಂಡು ಹೋಗಿ ಅಲ್ಲಿನ ಕಕ್ಕಸು ತೋರಿಸಿ, ಮನೆಯಲ್ಲಿ ಬಳಸುವ ಮಾತು ಯಾವುದೆಂದು ಸಹಾಯಕಿಯವರಿಗೆ ತಿಳಿಸಿ. ಅಲ್ಲಿ ತಡೆದು ಮನೆಗೆ ಬಂದ ಕೂಡಲೇ ಓಡುವ ಮಕ್ಕಳೂ ಇದ್ದಾರೆ. ಅವರನ್ನು ಮನೆಯಿಂದ ಹೊರಡುವ ಮೊದಲೇ, ತಿಂಡಿಯಾದ ಮೇಲೆ, ಅವಸರವಿಲ್ಲದೆ ಕೂರಿಸಬೇಕು. ಅಂದರೆ ಇಡೀ ಮನೆ ಅರ್ಧ ಗಂಟೆ ಬೇಗ ಏಳಬೇಕು.

ವೈದ್ಯರ ಹತ್ತಿರ ಯಾವಾಗ

ಹೊಟ್ಟೆ ಉಬ್ಬಿ ವಾಂತಿಯಾಗುತ್ತಿದ್ದರೆ, ಜ್ವರದ ಜೊತೆ ಉಚ್ಚೆಗೆ ಅಳುತ್ತಿದ್ದರೆ, ಚೆನ್ನಾಗಿ ಕಲಿತಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಒದ್ದೆ ಮಾಡುತ್ತಾ ಜೊತೆಗೆ ವಿಪರೀತ ನೀರು ಕುಡಿದು ತೂಕ ಇಳಿಯುತ್ತಿದ್ದರೆ ಅವತ್ತೇ ಹೋಗಿ. ಕೊನೆಯದು ಮಕ್ಕಳ ಸಕ್ಕರೆ ಕಾಯಿಲೆಯ ಲಕ್ಷಣವೂ ಆಗಿರಬಹುದು. ಮಲದಲ್ಲಿ ಮತ್ತೆಮತ್ತೆ ರಕ್ತ, ಉಚ್ಚೆ ಸದಾ ಹನಿಹನಿಯಾಗಿ ಸೋರುವುದು, ಗಂಡುಮಗುವಿನ ಉಚ್ಚೆಯ ಧಾರೆ ತೀರಾ ಸಣ್ಣದಿರುವುದು, ನಡಿಗೆಯಲ್ಲಿ ಬಲವಿಲ್ಲದಿರುವುದು ಇದ್ದರೆ ಆ ವಾರದೊಳಗೆ. ಹುಟ್ಟಿದ ಮೊದಲ ಎರಡು ದಿನ ಮಗು ಕಪ್ಪು ಮಲ ಮಾಡಿರಲಿಲ್ಲ, ಅಂದಿನಿಂದಲೂ ಮಲಬದ್ಧತೆ ಎಂದಾದರೆ ಅದನ್ನು ಮರೆಯದೆ ಹೇಳಿ, ಕರುಳಿನ ನರದ ತೊಂದರೆ ಇದೆಯೇ ಎಂದು ನೋಡಬೇಕಾಗುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು, ಹೆಚ್ಚಿನ ಪರೀಕ್ಷೆ ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗ ಇದೆ.

ಹೋಗುವಾಗ ಆ ಒಂದು ವಾರದ ನೋಟ್‌ಬುಕ್, ತಾಯಿ ಕಾರ್ಡು, ಇಷ್ಟರವರೆಗೆ ಕೊಟ್ಟ ಔಷಧಿಯ ಬಾಟಲಿಗಳು ಚೀಲದಲ್ಲಿರಲಿ. ಉಚ್ಚೆ ಪರೀಕ್ಷೆ ಹೇಳುವ ಸಂಭವ ಇದೆ, ಆದ್ದರಿಂದ ಬಾಗಿಲ ಹೊರಗೆ ಕಾಯುವಾಗಲೇ ಮಗುವಿಗೆ ನೀರು ಕುಡಿಸಿಕೊಂಡಿರಿ.